ಅಕ್ಕುವಿನ ಪಂಕ್ತಿಯಲ್ಲಿ ಒಂಬತ್ತನೆಯ ಉ

ಮಂಗಳವಾರ, ಬೆಳಗಿನ ಐದೂಮುಕ್ಕಾಲು. ಠಾಣೆಯ ಕಾರ್ಖಾನೆಗಳ ಪ್ರದೇಶವಾದ ವಾಗ್ಳೆ ಎಸ್ಟೇಟಿನ ಹಿಂದಿನ ಗಲ್ಲಿಯೊಂದರಲ್ಲಿ ಔಷಧದ ರಟ್ಟಿನ ಡಬ್ಬಿ ಮಾಡುವ ಕಾರ್ಖಾನೆಯ ಶಟರ್ ಸೊಂಟದೆತ್ತರಕ್ಕಷ್ಟೇ ತೆರೆದಿದೆ. ಬಗ್ಗಿ ಒಳಗೆ ಹೋದರೆ ಒಂದೇ ಟ್ಯೂಬ್‌ಲೈಟಿನ ಕೆಳಗೆ ಅಕ್ಕು ನಿಂತಿದ್ದಾಳೆ. ಮೇಜಿನ ಮೇಲೆ ತಗಡಿನ ಉದ್ದನೆಯ ತಟ್ಟೆ, ಪ್ರೆಸ್ಸಿನವರ ಬಾಯಲ್ಲಿ ಅದು ಗ್ಯಾಲಿ. ಬಲಗೈಯ ಎರಡು ಬೆರಳುಗಳ ನಡುವೆ ಒಂದು ಸೀಸದ ಅಚ್ಚುಮೊಳೆ. ಕಣ್ಣು ಮಾತ್ರ ಪಕ್ಕದಲ್ಲಿ ಹರಡಿದ ದೊಡ್ಡ ಹಾಳೆಯ ಮೇಲಿದೆ, ತುಟಿ ಅಲುಗುತ್ತಿದೆ. ದೂರದಿಂದ ನೋಡಿದವರು ಜಪ ಮಾಡುತ್ತಿದ್ದಾಳೆ ಅಂದುಕೊಳ್ಳಬೇಕು.

ಹತ್ತಿರ ಹೋದರೆ ಕೇಳುವುದು ಬೇರೆಯೇ. "ಅತ್ತ ಉಂಟು, ಇತ್ತ ಇಲ್ಲ, ನಡುವಿನವ ಕೂಗ್ತಾನೆ. ಅತ್ತಲೂ ಉಂಟು, ಇತ್ತಲೂ ಉಂಟು, ಸುಮ್ನೆ ಕೂರ್ತಾನೆ. ಅತ್ತಲೂ ಇಲ್ಲ, ಇತ್ತಲೂ ಇಲ್ಲ, ಇವನದ್ದೂ ಸದ್ದಿಲ್ಲ."

ಕೂಗುವವನ ಜಾಗದಲ್ಲಿ 'ಉ' ಎಂಬ ಅಕ್ಷರದ ಮೊಳೆ ಕೂರುತ್ತದೆ. ಸುಮ್ಮನಿರುವವನ ಜಾಗದಲ್ಲಿ ಅಕ್ಷರವಿಲ್ಲದ ಬೋಳು ಸೀಸದ ತುಂಡು. ಒಂದು ಸಾಲಿಗೆ ಅರವತ್ತಮೂರು ಜಾಗ. ಸಾಲು ತುಂಬಿದ ಮೇಲೆ ಅದಕ್ಕೆ ಹಸಿರು ಶಾಯಿ ಹಚ್ಚಿ, ಹಾಳೆಯನ್ನು ಮಗುಚಿ ಅದರ ಮೇಲೆ ಇಟ್ಟು, ಕೈಯಿಂದ ತಳ್ಳುವ ಭಾರದ ರೋಲರನ್ನು ಉರುಳಿಸುತ್ತಾಳೆ. ಹಾಳೆ ಎತ್ತಿದಾಗ ಹೊಸ ಸಾಲು ಹಳೆಯ ಸಾಲಿನ ಕೆಳಗೆ ಬಂದು ಕೂತಿರುತ್ತದೆ. ಮತ್ತೆ ಅದನ್ನು ನೋಡಿ ಮುಂದಿನ ಸಾಲು.

ಅಕ್ಕುವಿಗೆ ಐವತ್ತಾರು ವರ್ಷ. ಪತ್ರಿಕೆಯ ಕ್ರಮದಂತೆ ನಾನು 'ಅವರು' ಎಂದು ಬರೆಯಬೇಕು. ಕೈ ಬರುವುದಿಲ್ಲ. ಮೂವತ್ತು ವರ್ಷದ ಹಿಂದೆ ಠಾಣೆ ಪೂರ್ವದ ಕೋಪರಿಯ ಒಂದು ಛಾಪಖಾನೆಯಲ್ಲಿ ನಾವಿಬ್ಬರೂ ಅಕ್ಕಪಕ್ಕ ನಿಂತು ಮೊಳೆ ಜೋಡಿಸಿದವರು. ನಮ್ಮ ಊರ ಕಡೆಯವರ ಮದುವೆ ಕಾಗದ, ಹೋಟೆಲಿನ ತಿಂಡಿಪಟ್ಟಿ, ಕನ್ನಡ ಸಂಘಗಳ ಸ್ಮರಣ ಸಂಚಿಕೆ, ಸತ್ತವರ ಹದಿಮೂರನೇ ದಿನದ ಪತ್ರಿಕೆ, ಎಲ್ಲವೂ ನಮ್ಮ ಕೈಯಿಂದಲೇ ಹೋಗಬೇಕು. ನಾನು ನಾಲ್ಕು ವರ್ಷಕ್ಕೆ ಅದನ್ನು ಬಿಟ್ಟು ಕರಡು ತಿದ್ದುವ ಕೆಲಸಕ್ಕೆ ಪತ್ರಿಕೆಗೆ ಸೇರಿದೆ, ಆಮೇಲೆ ಬರೆಯುವವಳಾದೆ. ಅಕ್ಕು ಅಲ್ಲೇ ಉಳಿದಳು.

ಇನ್ನೊಂದು ಸಂಗತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಈ ಲೇಖನವನ್ನು ನಾನು ಮನಸ್ಸಿಟ್ಟು ಒಪ್ಪಿಕೊಂಡದ್ದಲ್ಲ. ಎರಡು ವಾರದ ಹಿಂದೆ ಸಂಪಾದಕರು ಫೋನಿನಲ್ಲಿ "ಶ್ರೀಮತಿಯವರೇ, ನಿಮ್ಮ ಹಳೇ ಗೆಳತಿಯಂತೆ, ಅಂಕಣಕ್ಕೆ ಹೇಳಿ ಮಾಡಿಸಿದ ಹಾಗಿದೆ" ಎಂದಾಗ ಎದೆಯಲ್ಲಿ ಚುಳಕ್ ಎಂದಿತು. ನಾನೂ ಅಕ್ಷರದಲ್ಲಿ ಏನಾದರೂ ಮಾಡಬೇಕೆಂದು ಹೊರಟವಳೇ. ಹೊಸದೊಂದು ಕನ್ನಡ ಅಕ್ಷರಮಾಲೆ ಬರೆಯುತ್ತೇನೆಂದು ಇಪ್ಪತ್ತು ವರ್ಷದಿಂದ ಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ಮೂರು ನೋಟ್‌ಬುಕ್ ತುಂಬಿವೆ. ಅ, ಆ, ಇ ಮುಗಿದು 'ಈ' ಹತ್ತಿರ ಗಾಡಿ ನಿಂತಿದೆ. ಉ ಇನ್ನೂ ಬಂದಿಲ್ಲ. ಈ ಅಂಕಣದಲ್ಲಿ ನಾನು ಇದುವರೆಗೆ ಎಪ್ಪತ್ತಕ್ಕೂ ಹೆಚ್ಚು ಎಲೆಮರೆಯ ಕಾಯಿಗಳ ಬಗ್ಗೆ ಬರೆದಿದ್ದೇನೆ, ಯಾರ ಮೇಲೂ ಹೊಟ್ಟೆಕಿಚ್ಚು ಪಟ್ಟಿರಲಿಲ್ಲ. ಕಾಯಿ ಎಲೆಯ ಮರೆಯಲ್ಲಿ ಇರುವತನಕ ಹೊಗಳುವುದು ಬಹಳ ಸುಲಭ. ಅದು ಹೊರಗೆ ಬರುತ್ತದೆ ಎಂದಾಗಲೇ ಕಷ್ಟ ಶುರುವಾಗುವುದು.

ಅಕ್ಕುವಿನ ದಿನ ಡೊಂಬಿವಲಿಯಲ್ಲಿ ನಾಲ್ಕು ಗಂಟೆಗೆ ಶುರುವಾಗುತ್ತದೆ. ಗಂಡ ಪ್ರೇಮನಾಥ ಕಲ್ಯಾಣದ ಒಂದು ವೆಜ್ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುವವರು. ಅವರ ಚಪಾತಿ, ತನ್ನ ಡಬ್ಬಿ ಎರಡನ್ನೂ ಮುಗಿಸಿ ಐದರ ಒಳಗಿನ ಸ್ಲೋ ಲೋಕಲ್ ಹಿಡಿಯುತ್ತಾಳೆ. ಮುಂಬ್ರಾ ದಾಟುವಾಗ ಕಿಟಕಿಯ ಆಚೆ ಇನ್ನೂ ಕತ್ತಲೆ. ಠಾಣೆಯಲ್ಲಿ ಇಳಿದು ಶೇರ್ ರಿಕ್ಷಾ. ಬೆಳಿಗ್ಗೆ ಐದೂವರೆಯಿಂದ ಎಂಟೂವರೆ ಅವಳದ್ದು. ಎಂಟೂವರೆಗೆ ದೊಡ್ಡ ಮಶೀನುಗಳು ಶುರುವಾದ ಮೇಲೆ ಅವಳು ಕಾರ್ಖಾನೆಯವಳು. ಕತ್ತರಿಸಿ ಬಂದ ರಟ್ಟಿನ ಹಾಳೆಗಳಿಂದ ಬೇಡದ ಅಂಚನ್ನು ಬಿಡಿಸಿ ಡಬ್ಬಿಗಳನ್ನು ಬೇರೆ ಮಾಡುವ ಕೆಲಸ. ದಿನಕ್ಕೆ ನಾಲ್ಕು ಸಾವಿರ ಡಬ್ಬಿ. ಬೆರಳ ತುದಿಗಳಲ್ಲಿ ರೇಖೆಯೇ ಉಳಿದಿಲ್ಲ. ರೇಷನ್ ಅಂಗಡಿಯ ಯಂತ್ರ ಅವಳ ಹೆಬ್ಬೆಟ್ಟನ್ನು ಗುರುತಿಸುವುದಿಲ್ಲ, ಪ್ರತಿ ತಿಂಗಳೂ ಅಲ್ಲಿ ಜಗಳ.

ಇಲ್ಲಿಗೆ ಬಂದದ್ದು ಹೇಗೆ ಎಂದರೆ, ಕೋಪರಿಯ ಛಾಪಖಾನೆಗೆ ಕಂಪ್ಯೂಟರ್ ಬಂತು. ಮೊಳೆಗಳನ್ನು ಕರಗಿಸುವವನಿಗೆ ತೂಕಕ್ಕೆ ಹಾಕಿದರು. ಗೋಣಿಗಳು ಟೆಂಪೋ ಏರುವಾಗ ಅಕ್ಕು ದೊಡ್ಡ ಅಳತೆಯ ಅಕ್ಷರಗಳ ಒಂದು ಖಾನೆಪೆಟ್ಟಿಗೆಗೆ ಕೈಹಾಕಿ ಸಿಕ್ಕಿದಷ್ಟನ್ನು ಸೆರಗಿಗೆ ಸುರಿದುಕೊಂಡಳಂತೆ. ಮನೆಗೆ ಬಂದು ಬಿಚ್ಚಿ ನೋಡಿದರೆ ಎಲ್ಲವೂ ಒಂದೇ ಅಕ್ಷರ. ಒಂದೇ ಖಾನೆಗೆ ಕೈ ಹೋಗಿತ್ತು. ನಲವತ್ತು ಉ.

"ನಾನು ಎಂತದೋ ಅಆಇಈ ಎಲ್ಲ ಸಿಕ್ಕಿತು ಅಂದುಕೊಂಡೆ ಮಾರಾಯ್ತಿ," ಎಂದು ಅಕ್ಕು ನಗುತ್ತಾಳೆ. "ನೋಡಿದ್ರೆ ಉ, ಉ, ಉ. ಬರೀ ಉ ಇಟ್ಕೊಂಡು ಯಾರ ಮದುವೆ ಕಾಗದ ಮಾಡುದು?"

ಅದರಲ್ಲಿ ನಾಲ್ಕರ ಅಂಚು ಮುರಿದಿದೆ, ಮೂವತ್ತಾರು ಚೆನ್ನಾಗಿವೆ. ಛಾಪಖಾನೆಯ ಹಳೆಯ ಕರಡು ತೆಗೆಯುವ ರೋಲರ್ ಮಶೀನು ಹೇಗೋ ಈ ಡಬ್ಬಿ ಕಾರ್ಖಾನೆಯ ಮೂಲೆಗೆ ಬಂದು ಬಿದ್ದಿತ್ತು. ಅಕ್ಕುವೂ ಅದರ ಹಿಂದೆಯೇ ಬಂದಳು. ಮಾಲೀಕರಾದ ಮರಾಠಿ ಸೇಟ್ ಒಳ್ಳೆಯವರು, "ಅಕ್ಕುತಾಯಿ, ಮಶೀನು ಬಂದ್ ಬಿದ್ದಿದೆ, ಬೇಕಾದ್ರೆ ನಡೆಸಿಕೊಳ್ಳಿ" ಎಂದು ಕೀಲಿಕೈ ಕೊಟ್ಟರು. ಹೀಗೆ ಊಟದ ಬಿಡುವಿನಲ್ಲಿ ರಟ್ಟಿನ ಚೂರುಗಳ ಮೇಲೆ ಉಳಿದ ಹಸಿರು ಶಾಯಿಯಲ್ಲಿ ಉ ಒತ್ತುತ್ತಾ ಕೂತವಳಿಗೆ ತನ್ನ ಅಪ್ಪ ನೆನಪಾಗಿದ್ದಾರೆ.

ಅಕ್ಕುವಿನ ಅಪ್ಪ ಮದುವೆ ಊಟಗಳಲ್ಲಿ ಬಡಿಸುವವರು. ಠಾಣೆಯಿಂದ ಕಲ್ಯಾಣದವರೆಗೆ ನಮ್ಮವರ ಯಾವ ಸಮಾರಂಭವಾದರೂ ಪಾಯಸದ ಬಕೆಟು ಅವರ ಕೈಯಲ್ಲಿ. ಎಳವೆಯಲ್ಲಿ ಅಕ್ಕು ಉಪ್ಪು-ಉಪ್ಪಿನಕಾಯಿಯ ತಟ್ಟೆ ಹಿಡಿದು ಅವರ ಹಿಂದೆ ನಡೆಯುತ್ತಿದ್ದಳು. ಪಂಕ್ತಿಭೇದ ಮಾಡಬಾರದು, ಒಬ್ಬನ ಎಲೆಗೆ ಬಡಿಸಿ ಇನ್ನೊಬ್ಬನ ಎಲೆ ದಾಟಿ ಹೋಗಬಾರದು ಎನ್ನುವುದು ಅವರ ಮನೆಯ ಮೊದಲ ಪಾಠ. ಆದರೆ ನೂರಿನ್ನೂರು ಎಲೆಯ ಗಡಿಬಿಡಿಯಲ್ಲಿ ಭೇದ ಆಗಿಯೇ ಆಗುತ್ತದೆ. ಆಗ ಕೂಗುವವರು ಯಾರು ಎನ್ನುವುದನ್ನು ಆ ಹುಡುಗಿ ಗಮನಿಸಿ ಇಟ್ಟುಕೊಂಡಿದ್ದಳು.

"ಎರಡೂ ಬದಿಯವರಿಗೆ ಪಾಯಸ ಬರ್ಲಿಲ್ಲ ಅಂದ್ರೆ ನಡುವಿನವ ಸುಮ್ನೆ ಕೂರ್ತಾನೆ, ಬರ್ತದೆ ಬಿಡು ಅಂತ. ಎರಡೂ ಬದಿಯವರಿಗೆ ಬಂದ್ರೂ ಸುಮ್ನೆ ಕೂರ್ತಾನೆ, ಈಗ ನಂದೇ ಸರದಿ ಅಂತ. ಒಂದು ಬದಿಗೆ ಬಂತು, ಇನ್ನೊಂದು ಬದಿಗೆ ಬರ್ಲಿಲ್ಲ ಅಂತಾದ್ರೆ ಮಾತ್ರ ಅವನಿಗೆ ಉರಿ ಏಳುದು. ಕೈ ಎತ್ತಿ 'ಓ ಪಾಯಸ!' ಅಂತ ಕೂಗ್ತಾನೆ. ನೀನು ಬೇಕಾದ್ರೆ ಯಾವ ಮದುವೆಯಲ್ಲೂ ನೋಡು. ಹೊಟ್ಟೆಕಿಚ್ಚಿಗೂ ಒಂದು ಲೆಕ್ಕ ಉಂಟು."

ಆ ಲೆಕ್ಕವನ್ನೇ ಅವಳು ಉ ಮೊಳೆಗಳಿಗೆ ಹಾಕಿದಳು. ಮೇಲಿನ ಸಾಲನ್ನು ನೋಡುವುದು. ಮೇಲೆ ಎಡಕ್ಕೂ ಬಲಕ್ಕೂ ಇರುವ ಇಬ್ಬರಲ್ಲಿ ಒಬ್ಬನಿಗೆ ಮಾತ್ರ ಸಿಕ್ಕಿದ್ದರೆ ಕೆಳಗಿನ ಸಾಲಿನ ನಡುವಿನವ ಉ ಎಂದು ಕೂಗಬೇಕು. ಇಲ್ಲದಿದ್ದರೆ ಖಾಲಿ. ಕೂಗಿದವನಿಗೆ ಬಡಿಸಿ ಆಯಿತು ಎಂದು ಮುಂದಿನ ಸಾಲಿನ ಲೆಕ್ಕ. ಮೊದಲ ಸಾಲಿನ ನಟ್ಟನಡುವೆ ಒಂದೇ ಒಂದು ಉ ಇಟ್ಟು ಶುರು ಮಾಡಿದರೆ ಎರಡನೆಯ ಸಾಲಿನಲ್ಲಿ ಎರಡು, ಮೂರನೆಯದರಲ್ಲಿಯೂ ಎರಡು, ನಾಲ್ಕನೆಯದರಲ್ಲಿ ನಾಲ್ಕು. ಹೀಗೆ ಇಳಿಯುತ್ತ ಇಳಿಯುತ್ತ ಹಾಳೆಯ ಮೇಲೆ ತ್ರಿಕೋನದ ಒಳಗೆ ತ್ರಿಕೋನ, ಅದರ ಒಳಗೆ ಇನ್ನೂ ಸಣ್ಣ ತ್ರಿಕೋನ ಏಳುತ್ತದೆ. ಯಾರೂ ಬರೆದದ್ದಲ್ಲ, ಎಡಬಲದವರ ಹೊಟ್ಟೆಕಿಚ್ಚಿನಿಂದ ತಾನಾಗಿ ಆದದ್ದು. ಮೂವತ್ತೆರಡು ಸಾಲಿಗೆ ಇನ್ನೂರ ನಲವತ್ತಮೂರು ಉ. ಇರುವುದು ಮೂವತ್ತಾರು ಮೊಳೆ, ಹಾಗಾಗಿ ಒಂದೊಂದೇ ಸಾಲು ಒತ್ತಬೇಕು.

ಮೊದಲ ಸಲ ಅದನ್ನು ನೋಡಿದಾಗ ನಾನು "ಚೆನ್ನಾಗಿದೆ" ಎಂದಷ್ಟೇ ಹೇಳಿ ಚಹಾ ಕೇಳಿದೆ. ಅಂಥದ್ದು ನನಗೆ ಹೊಳೆಯಲಿಲ್ಲವಲ್ಲ ಎಂಬ ಒಂದೇ ಯೋಚನೆ. ಪಂಕ್ತಿಯಲ್ಲಿ ನಾನೂ ಕೂತು ಉಂಡಿದ್ದೇನೆ. ಪಾಯಸಕ್ಕೆ ಕೂಗಿಯೂ ಇದ್ದೇನೆ.

ವರ್ಷಗಟ್ಟಲೆ ಈ ಹಾಳೆಗಳು ಇದ್ದದ್ದು ಅವಳ ಅಡುಗೆಮನೆಯಲ್ಲಿ, ಡಬ್ಬಿಗಳ ಕೆಳಗೆ ಹಾಸಿ. ಹೋದ ದೀಪಾವಳಿಗೆ ಕಪಾಟು ತೊಳೆಯಲು ಸಹಾಯಕ್ಕೆ ಬಂದ ಅವಳ ತಂಗಿಯ ಮಗ ಜಯೇಶ್ ಸಕ್ಕರೆ ಡಬ್ಬಿ ಎತ್ತಿದವನು ಅಲ್ಲೇ ಕೂತುಬಿಟ್ಟನಂತೆ. ಐರೋಲಿಯ ಕಂಪ್ಯೂಟರ್ ಕಂಪೆನಿಯಲ್ಲಿ ಕೆಲಸ, ಇಲ್ಲೇ ಹುಟ್ಟಿದವನು, ಕನ್ನಡ ಅರ್ಥವಾಗುತ್ತದೆ, ಬಾಯಿ ತೆರೆದರೆ ಹಿಂದಿ. "ಮಾವ್ಶಿ, ಯೇ ಕಿಸ್ನೆ ಬನಾಯಾ?" ದೊಡ್ಡಮ್ಮ, ಇದನ್ನು ಯಾರು ಮಾಡಿದ್ದು ಎಂದು ಕೇಳಿದ್ದಾನೆ. ಕಂಪ್ಯೂಟರಿನವರು ಇಂಥ ನಿಯಮವನ್ನು ಅಲ್ಗಾರಿದಮ್ ಎನ್ನುತ್ತಾರೆ, ಈ ನಿಯಮಕ್ಕೆ ತೊಂಬತ್ತು ಎಂಬ ನಂಬರೂ ಇದೆ, ದೊಡ್ಡ ದೊಡ್ಡವರು ಇದರ ಮೇಲೆ ಪುಸ್ತಕ ಬರೆದಿದ್ದಾರೆ ಎಂದೆಲ್ಲ ಅವನೇ ಹೇಳಿದ್ದು. ಏಳು ಸಾಲಿನ ಪ್ರೋಗ್ರಾಂ ಬರೆದು ಕಣ್ಣು ಮಿಟುಕಿಸುವುದರೊಳಗೆ ಅದೇ ಚಿತ್ರವನ್ನು ಫೋನಿನ ಮೇಲೆ ತೋರಿಸಿದನಂತೆ.

"ನಿನಗೆ ಬೇಜಾರಾಗಲಿಲ್ವಾ?" ಎಂದು ಕೇಳಿದೆ. ಆಗಿರಲಿ ಎಂಬ ಆಸೆ ನನ್ನದು.

"ಎಂತಕ್ಕೆ? ಅದಕ್ಕೆ ಹೊಟ್ಟೆಯೇ ಇಲ್ಲ, ಕಿಚ್ಚು ಎಲ್ಲಿಂದ ಬರ್ಬೇಕು? ಲೆಕ್ಕ ಮಾತ್ರ ಮಾಡ್ತದೆ. ನಾನು ಒಂದೊಂದು ಉ ಇಡುವಾಗಲೂ ಒಬ್ಬೊಬ್ಬ ಕಣ್ಣೆದುರು ಬರ್ತಾನೆ."

ಜಯೇಶ್ ಫೋಟೋ ತೆಗೆದು ಬೇಲಾಪುರದ ಒಂದು ಕಲಾಕೇಂದ್ರಕ್ಕೆ ಕಳಿಸಿದ. ಅಲ್ಲಿ ಮುಂದಿನ ವಾರ ಲೆಕ್ಕದಿಂದ ಕೈಯಾರೆ ಮಾಡಿದ ವಸ್ತುಗಳ ಪ್ರದರ್ಶನ. ನೇಯುವವರು, ಚಾಪೆ ಹೆಣೆಯುವವರು, ರಂಗೋಲಿಯವರು ಬರುತ್ತಾರೆ. ಅಕ್ಕುವಿಗೂ ಒಂದು ಗೋಡೆ ಕೊಟ್ಟಿದ್ದಾರೆ. ಕೈಯಿಂದ ಮಾಡಿದ ದಪ್ಪ ಹಾಳೆ ಒಂದನ್ನು ಅವರೇ ಕಳಿಸಿದ್ದಾರೆ, ಒಂದೇ ಒಂದು. ಶನಿವಾರ ಮಧ್ಯಾಹ್ನ ಟೆಂಪೋ ಬಂದು ಒಯ್ಯುತ್ತದೆ. ಶರತ್ತು ಒಂದೇ. ಹಾಳೆಯ ಪಕ್ಕದಲ್ಲಿ ಜಯೇಶನ ಪ್ರೋಗ್ರಾಂ ಒಂದು ಸ್ಕ್ರೀನಿನ ಮೇಲೆ ಅದೇ ಚಿತ್ರ ಬಿಡಿಸುತ್ತಿರುತ್ತದೆ, ಎರಡೂ 'ಉ'ಗೆ 'ಉ' ಹೊಂದಬೇಕು. ಒಂದು ತಪ್ಪಿದರೂ ಹಾಳೆ ಗೋಡೆಗೆ ಏರುವುದಿಲ್ಲ.

ಹಾಳೆಯ ಕೆಳಗೆ ಚೀಟಿಯಲ್ಲಿ ಅವಳ ಹೆಸರಿರುತ್ತದೆ. ಕೋಪರಿಯಲ್ಲಿ ಇದ್ದಷ್ಟು ವರ್ಷ ಸಾವಿರಾರು ವಧುವರರ, ಅವರ ತಂದೆತಾಯಿಯರ, ಸೋದರಮಾವಂದಿರ ಹೆಸರು ಜೋಡಿಸಿದವಳು. ಅವಳ ಹೆಸರು ಇನ್ನೂ ಎಲ್ಲಿಯೂ ಅಚ್ಚಾಗಿಲ್ಲ. ಅವಳದ್ದೇ ಮದುವೆಯ ಕಾಗದದಲ್ಲಿ ಕೂಡ ಹಿರಿಯರು 'ಅಕ್ಕು' ಎನ್ನುವುದು ಚೆನ್ನಾಗಿ ಕಾಣುವುದಿಲ್ಲವೆಂದು 'ಚಿ|| ಸೌ|| ಅರುಣಾ' ಎಂದು ಹಾಕಿಸಿದ್ದರು. ಆ ಕಾಗದವನ್ನು ಜೋಡಿಸಿದವಳು ನಾನು.

ಮಂಗಳವಾರದ ಬೆಳಿಗ್ಗೆ ನಾನು ಹೋದಾಗ ಇಪ್ಪತ್ತೆರಡು ಸಾಲು ಮುಗಿದಿದ್ದವು. ದಿನಕ್ಕೆ ಮೂರು ಸಾಲು ಅವಳ ಲೆಕ್ಕ, ಶುಕ್ರವಾರಕ್ಕೆ ಮೂವತ್ತೆರಡೂ ಆಗುತ್ತದೆ. ನಾನು ನೋಟ್‌ಬುಕ್ ಹಿಡಿದು ನಿಂತಿದ್ದೇನೆ, ಅವಳು ಇಪ್ಪತ್ತಮೂರನೆಯದನ್ನು ಗ್ಯಾಲಿಗೆ ಜೋಡಿಸಿ ಸೊಂಟಕ್ಕೆ ಕೈಕೊಟ್ಟು ನೆಟ್ಟಗಾಗುತ್ತಾಳೆ. ಮೊಳೆ ಜೋಡಿಸುವವರಿಗೆ ಅಕ್ಷರ ತಲೆಕೆಳಗಾಗಿಯೇ ಕಾಣುವುದು, ಅದು ನನಗೆ ಮರೆತಿಲ್ಲ. ಸುಮ್ಮನೆ ಕಣ್ಣು ಆಡಿಸಿದೆ.

ಎಡತುದಿಯಲ್ಲಿ ಒಂದು ಉ, ಮೂರು ಖಾಲಿ, ಮತ್ತೆ ಉ. ಬಲತುದಿಯೂ ಹಾಗೆಯೇ ಇರಬೇಕು, ಈ ಚಿತ್ರದ ಎಡಬಲ ಒಂದೇ. ಬಲತುದಿಯಲ್ಲಿ ಉ, ಖಾಲಿ, ಉ, ಖಾಲಿ, ಉ. ಇಡೀ ಸಾಲಿನಲ್ಲಿ ಎಂಟು ಉ ಇರಬೇಕಾದಲ್ಲಿ ಒಂಬತ್ತು. ಮೇಲಿನ ಸಾಲಿನಲ್ಲಿ ಆ ಒಂಬತ್ತನೆಯವನ ಎರಡೂ ಬದಿಯವರಿಗೆ ಬಡಿಸಿ ಆಗಿದೆ. ನಿಯಮದ ಪ್ರಕಾರ ಅವನು ಸುಮ್ಮನೆ ಕೂರಬೇಕು. ಅಕ್ಕು ಅವನ ಎಲೆಗೂ ಒಂದು ಸೌಟು ಹಾಕಿಬಿಟ್ಟಿದ್ದಾಳೆ.

ಬಾಯಲ್ಲಿ ಬೆಲ್ಲ ಕರಗಿದ ಹಾಗಾಯಿತು. ಸುಳ್ಳು ಯಾಕೆ ಹೇಳಲಿ, ಅಷ್ಟು ಖುಷಿ ನನಗೆ ಇತ್ತೀಚೆಗೆ ಆದದ್ದಿಲ್ಲ. ಒಂದೇ ಹಾಳೆ, ಒತ್ತಿದರೆ ಅಳಿಸಲಾಗದು, ಹೊಸದಾಗಿ ಶುರುಮಾಡಲು ದಿನ ಇಲ್ಲ.

"ಎಂತ ಶ್ರೀಮತಿ," ಅಕ್ಕು ಕೇಳಿದಳು, "ಸರಿ ಉಂಟಲ್ಲ?"

"ಸರಿ ಉಂಟು," ಎಂದೆ. ಅಷ್ಟಕ್ಕೇ ನಿಲ್ಲಲಿಲ್ಲ. "ಬಹಳ ಸರಿ ಉಂಟು."

ಆಫೀಸಿಗೆ ತಡವಾಯಿತೆಂದು ನೆಪ ಹೇಳಿ ಶಟರಿನ ಕೆಳಗೆ ಬಗ್ಗಿ ಹೊರಗೆ ಬಂದೆ. ರೋಲರ್ ಉರುಳುವುದನ್ನು ನಿಂತು ನೋಡುವಷ್ಟು ಧೈರ್ಯ ಇರಲಿಲ್ಲ. ಗಲ್ಲಿಯ ತುದಿಯ ಟಪರಿಯಲ್ಲಿ ಚಹಾ ಕುಡಿದೆ. ಹಿಂದಕ್ಕೆ ಹೋಗಿ "ಅಕ್ಕು, ತಡೆ" ಎನ್ನಲು ಆ ಒಂದು ಲೋಟ ಚಹಾದಷ್ಟು ಹೊತ್ತು ನನಗಿತ್ತು. ಹೋಗಲಿಲ್ಲ.

ಬುಧವಾರ ಮನೆಯಲ್ಲಿ ಕೂತು ಚೌಕದ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಎಣಿಸಿದೆ. ಆ ಒಂಬತ್ತನೆಯವನು ಇಪ್ಪತ್ತನಾಲ್ಕನೇ ಸಾಲಿನಲ್ಲಿ ಇಬ್ಬರ ಊಟ ತಪ್ಪಿಸುತ್ತಾನೆ. ಇಪ್ಪತ್ತೈದನೇ ಸಾಲು ಬಹುತೇಕ ಖಾಲಿ, ಅಲ್ಲಿ ನಾಲ್ಕೇ ನಾಲ್ಕು ಉ ಇರಬೇಕು. ತಪ್ಪು ಉಳಿದರೆ ಆರು ಆಗುತ್ತದೆ, ಖಾಲಿ ಬಯಲಿನಲ್ಲಿ ಕರೆಯದೇ ಬಂದ ಇಬ್ಬರು. ಕುರುಡನಿಗೂ ಕಾಣುತ್ತದೆ. ನೋಡುತ್ತಾ ಹೋದಂತೆ ಖುಷಿ ಇಳಿಯಿತು, ಅದರ ಜಾಗದಲ್ಲಿ ಬಂದದ್ದಕ್ಕೆ ಹೆಸರು ಕೊಡಲು ಇಷ್ಟವಿಲ್ಲ.

ಗುರುವಾರ ಲೇಖನಕ್ಕೆಂದು ಜಯೇಶನಿಗೆ ಫೋನ್ ಮಾಡಿದೆ. "ಆಂಟಿ, ಸ್ಕ್ರೀನ್ ಏಕ್‌ದಮ್ ಬಾಜೂ ಮೇ ರಹೇಗಾ," ಎಂದ ಉತ್ಸಾಹದಿಂದ. "ಏಕ್ ಭೀ ಗಲತ್ ಹುಆ ತೋ ಬಚ್ಚಾ ಭೀ ಪಕಡ್ ಲೇಗಾ. ಲೇಕಿನ್ ಮಾವ್ಶಿ ಗಲ್ತಿ ನಹೀ ಕರ್ತೀ." ಸ್ಕ್ರೀನು ಪಕ್ಕದಲ್ಲೇ ಇರುತ್ತದೆ, ಒಂದು ತಪ್ಪಿದರೂ ಮಗು ಕೂಡ ಹಿಡಿಯುತ್ತದೆ, ಆದರೆ ದೊಡ್ಡಮ್ಮ ತಪ್ಪುವವರಲ್ಲ ಎಂದು ಅದರ ಅರ್ಥ. ಮತ್ತೆ, ನನ್ನ ಮೇಲಿನ ಗೌರವಕ್ಕೋ ಏನೋ, ಕನ್ನಡದಲ್ಲಿ ಹೇಳಿದ: "ಅವರು ನಿಮ್ಮ ಹೆಸರು ಹೇಳ್ತಾರೆ, ಆಂಟಿ. ಶ್ರೀಮತಿಯ ಕಣ್ಣು ತಪ್ಪಿಸಿ ಒಂದು ಕೊಂಬು ಕೂಡ ಹೋಗುದಿಲ್ಲ, ಅಂತ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಹಾಗೆ ನಾನು ಫೋನಿನ ಈ ಕಡೆ ಕೆಮ್ಮಿದೆ. ಆಗಲೂ ಹೇಳಬಹುದಿತ್ತು. ಇನ್ನು ಹೇಳಿ ಪ್ರಯೋಜನವಿಲ್ಲ, ಒತ್ತಿ ಆಗಿದೆ ಎಂದು ನನಗೆ ನಾನೇ ಹೇಳಿಕೊಂಡು ಫೋನಿಟ್ಟೆ.

ಶುಕ್ರವಾರ ಬೆಳಗ್ಗೆ ಮತ್ತೆ ಹೋದೆ. ತಪ್ಪೊಪ್ಪಿಕೊಳ್ಳಲು ಹೋದೆ ಎಂದು ಬರೆದರೆ ನೀವು ನಂಬಬಹುದು. ಹಾಳಾದ ಹಾಳೆಯನ್ನು ನೋಡಲು ಕೂಡ ಹೋದೆ. ಎರಡೂ ನಿಜ, ಯಾವುದು ಹೆಚ್ಚು ಎಂದು ನನ್ನನ್ನು ಕೇಳಬೇಡಿ. ನಾನೂ ಡೊಂಬಿವಲಿಯವಳೇ. ಸ್ಟೇಷನ್ನಿನಲ್ಲಿ ಅವಳು ಹತ್ತುವ ಲೋಕಲನ್ನು ಬಿಟ್ಟು ಅದರ ಹಿಂದಿನ ಲೋಕಲ್ ಹತ್ತಿದೆ.

ಶಟರಿನ ಒಳಗೆ ಅದೇ ಟ್ಯೂಬ್‌ಲೈಟು. ಅಕ್ಕು ಕೊನೆಯ ಸಾಲು ಜೋಡಿಸುತ್ತಿದ್ದಾಳೆ. ಮೂವತ್ತೆರಡನೆಯದು ತುಂಬಾ ಸುಲಭ, ಒಂದು ಬಿಟ್ಟು ಒಂದು, ಮೂವತ್ತೆರಡು ಉ. ನನಗೆ ತಲೆಯಲ್ಲಾಡಿಸಿ ಕೆಲಸ ಮುಂದುವರಿಸಿದಳು. ನಾನು ನೇರ ಹಾಳೆಯ ಹತ್ತಿರ ಹೋದೆ. ಮೊದಲು ಇಪ್ಪತ್ತೈದನೇ ಸಾಲು ಎಣಿಸಿದೆ. ನಾಲ್ಕು. ಇಪ್ಪತ್ತಮೂರಕ್ಕೆ ಏರಿದೆ. ಎಡದಿಂದ ಎಣಿಸಿದೆ, ಬಲದಿಂದ ಎಣಿಸಿದೆ, ಬೆರಳಿಟ್ಟು ಎಣಿಸಿದೆ.

ಎಂಟು.

ಮೊದಲು ಬಂದದ್ದು ನಿರಾಸೆ. ಇದನ್ನು ಬರೆಯದೆ ಬಿಟ್ಟರೆ ಈ ಲೇಖನ ಬರೆದೂ ವ್ಯರ್ಥ. ಆಮೇಲೆ, ಒಂದು ಉಸಿರಿನಷ್ಟು ತಡವಾಗಿ, ಸಮಾಧಾನ. ಪಕ್ಕದ ರಟ್ಟಿನ ಕಟ್ಟಿನ ಮೇಲೆ ಕೂತೆ.

"ಅಕ್ಕು," ಎಂದೆ. "ಮಂಗಳವಾರ ಇದರಲ್ಲಿ ಒಂಬತ್ತಿತ್ತು. ನಾನು ನೋಡಿದ್ದೆ."

"ಗೊತ್ತುಂಟು." ಅವಳು ಗ್ಯಾಲಿಯಿಂದ ಕಣ್ಣು ತೆಗೆಯಲಿಲ್ಲ.

"ಏನು ಗೊತ್ತುಂಟು?"

"ನೀನು ನೋಡಿದ್ದು. ಮತ್ತೆ ಹೇಳದೆ ಹೋದದ್ದು." ಇನ್ನೊಂದು ಉ ಇಟ್ಟಳು, ಪಕ್ಕದಲ್ಲಿ ಬೋಳು ತುಂಡು. "ಬಂದಾಗಿನಿಂದ ನಿನ್ನ ಮುಖ ಹರಳೆಣ್ಣೆ ಕುಡಿದ ಹಾಗೆ ಇತ್ತು. ಗ್ಯಾಲಿ ನೋಡಿದ್ದೇ ತಡ, ಮದುಮಗಳ ಹಾಗೆ ಅರಳಿತು ಮಾರಾಯ್ತಿ! ಇವಳಿಗೆ ಇಷ್ಟು ಖುಷಿ ಆಗ್ಬೇಕಾದ್ರೆ ನನ್ನ ಕೈ ಎಲ್ಲೋ ತಪ್ಪಿದೆ ಅಂತ ಅಲ್ಲಿಗೇ ಗೊತ್ತಾಯ್ತು."

"ಹಾಗಾದ್ರೆ ಸರಿ ಉಂಟಾ ಅಂತ ನನ್ನನ್ನು ಯಾಕೆ ಕೇಳಿದೆ?"

"ಖಾತ್ರಿ ಮಾಡ್ಲಿಕ್ಕೆ." ಈಗ ತಿರುಗಿ ನೋಡಿದಳು. ಕಣ್ಣಿನಲ್ಲಿ ಸಿಟ್ಟು ಇತ್ತೋ ನಗು ಇತ್ತೋ, ಎರಡೂ ಇತ್ತೋ. "ಕೋಪರಿಯಲ್ಲಿ ನಾಲ್ಕು ವರ್ಷ ಪಕ್ಕ ನಿಂತಿದ್ದೆ. ಆಮೇಲೆ ಇಷ್ಟು ವರ್ಷ ಬಂದು ಹೋಗಿ ಮಾಡ್ತಿ. ನನ್ನ ಕೆಲಸಕ್ಕೆ ಒಮ್ಮೆಯೂ ಸರಿ ಉಂಟು ಅಂದವಳಲ್ಲ ನೀನು. ಕೊಂಬು ಓರೆ, ದೀರ್ಘ ಗಿಡ್ಡ, ಏನಾದ್ರೂ ಒಂದು ತೆಗೀತಿದ್ದೆ. ಅವತ್ತು ಬಹಳ ಸರಿ ಉಂಟು ಅಂದುಬಿಟ್ಟೆ. ನೀನು ಆ ಕಡೆ ಹೋದದ್ದೇ, ನಾನು ಈ ಕಡೆ ಶಾಯಿ ಕೆಳಗಿಟ್ಟು ಒಂದೊಂದೇ ಎಣಿಸಿದೆ. ಸಿಕ್ಕಿದ."

ಅಂಥ ತಪ್ಪು ಹೇಗಾಯಿತು, ಇಪ್ಪತ್ತೆರಡು ಸಾಲು ಒಂದೂ ತಪ್ಪದೆ ಬಂದವಳಲ್ಲವೇ ಎಂದು ಕೇಳಿದೆ. ಪತ್ರಕರ್ತರ ಚಾಳಿ.

"ತಪ್ಪು ಅಲ್ಲ ಅದು, ಅಭ್ಯಾಸ. ಅತ್ತಲೂ ಉಂಟು, ಇತ್ತಲೂ ಉಂಟು, ನಡುವಿನವನ ಎಲೆ ಖಾಲಿ. ಕೆಲವೊಮ್ಮೆ ಕೈ ಕೇಳುದಿಲ್ಲ, ಬಡಿಸಿ ಬಿಡ್ತದೆ. ನಾನು ಬಡಿಸುವವನ ಮಗಳಲ್ವಾ?" ಎಂದಳು. ಆ ಒಂಬತ್ತನೆಯ ಉವನ್ನು ಗ್ಯಾಲಿಯಿಂದ ತೆಗೆಯುವಾಗ ಪಾಪ ಅನ್ನಿಸಿತಂತೆ.

ಕೊನೆಯ ಸಾಲು ಒತ್ತುವಾಗ ಹಾಳೆಯ ಒಂದು ಮೂಲೆ ಹಿಡಿಯಲು ನನ್ನನ್ನು ಕರೆದಳು. ಇಪ್ಪತ್ತಾರು ವರ್ಷಗಳ ನಂತರ ನನ್ನ ಬೆರಳಿಗೆ ಶಾಯಿ ತಗಲಿತು. ಅವಳು ರೋಲರ್ ತಳ್ಳಿದಳು, ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ. ಇಬ್ಬರೂ ಸೇರಿ ಹಾಳೆಯನ್ನು ಎತ್ತಿ ಮಗುಚಿ ಮೇಜಿನ ಮೇಲೆ ಹಾಸಿದೆವು. ಬಾಳೆಲೆಯ ಹಸಿರಿನಲ್ಲಿ ಇನ್ನೂರ ನಲವತ್ತಮೂರು ಜನ ಕೂಗುತ್ತಿದ್ದರು. ತ್ರಿಕೋನದೊಳಗೆ ತ್ರಿಕೋನ, ಎಡಬಲ ಒಂದೇ, ಎಲ್ಲಿಯೂ ಒಬ್ಬ ಹೆಚ್ಚಿಲ್ಲ, ಒಬ್ಬ ಕಡಿಮೆಯಿಲ್ಲ. ಹತ್ತಿರದಿಂದ ನೋಡಿದರೆ ಪ್ರತಿ ಉವೂ ಬೇರೆ ಬೇರೆ, ಒಂದರಲ್ಲಿ ಶಾಯಿ ದಪ್ಪ, ಒಂದರಲ್ಲಿ ಬಾಲ ತುಸು ತೆಳು. ಏಳು ಸಾಲಿನ ಪ್ರೋಗ್ರಾಂ ಅದನ್ನು ಮಾಡಲಾರದು. ಇಪ್ಪತ್ತು ವರ್ಷದ ಮೂರು ನೋಟ್‌ಬುಕ್ಕಿನಿಂದ ನಾನೂ ಮಾಡಲಿಲ್ಲ. ಹೊಟ್ಟೆಕಿಚ್ಚು ಹೋಯಿತು ಎಂದು ಬರೆದು ಮುಗಿಸಬಹುದು, ಆದರೆ ಹೋಗಿಲ್ಲ. ನೋಡುತ್ತಾ ನಿಂತಷ್ಟೂ ಹೆಚ್ಚಾಯಿತು.

ಎಂಟೂವರೆಗೆ ಶಟರ್ ಪೂರ್ತಿ ಮೇಲೇರಿತು. ಅಕ್ಕು ಸೀಮೆಎಣ್ಣೆಯ ಬಟ್ಟೆಯಲ್ಲಿ ಮೊಳೆಗಳನ್ನು ಒಂದೊಂದಾಗಿ ಒರೆಸಿ ಬಿಸ್ಕತ್ತಿನ ಡಬ್ಬಿಗೆ ಹಾಕುತ್ತಿದ್ದಳು. ಈ ಅಂಕಣದ ಕೊನೆಗೆ ನಾನು ಎಲ್ಲರನ್ನೂ ಕೇಳುವ ಪ್ರಶ್ನೆಯೊಂದಿದೆ. ಬೇಡವೆಂದರೂ ಅಭ್ಯಾಸಬಲದಿಂದ ಬಾಯಿಗೆ ಬಂತು, ನಿನ್ನ ಮುಂದಿನ ಆಸೆ ಏನು ಎಂದು ಕೇಳಿದೆ.

"ಅರವತ್ತನಾಲ್ಕು ಸಾಲಿನದ್ದು ಮಾಡ್ಬೇಕು," ಅಕ್ಕು ತಕ್ಷಣ ಹೇಳಿದಳು. "ಏಳುನೂರ ಇಪ್ಪತ್ತೊಂಬತ್ತು ಉ ಬೇಕು ಅಂತ ಜಯೇಶ್ ಲೆಕ್ಕ ಹಾಕಿ ಕೊಟ್ಟಿದ್ದಾನೆ. ಅಷ್ಟು ದೊಡ್ಡದರಲ್ಲಿ ಕೈ ತಪ್ಪಿಯೇ ತಪ್ತದೆ. ನೀನು ದಿನಾ ಬಾ. ಬಂದು ಇಲ್ಲಿ, ನನ್ನ ಎದುರಿಗೇ ನಿಲ್ಲು. ತಪ್ಪು ಕಂಡ್ರೆ ಬಾಯಿ ಬಿಡ್ಬೇಡ, ಅವತ್ತಿನ ಹಾಗೇ ಖುಷಿ ಪಡು, ಅಡಗಿಸ್ಬೇಡ ಮಾತ್ರ. ಕಂಪ್ಯೂಟರಿಗೆ ಮುಖ ಇಲ್ಲ ಮಾರಾಯ್ತಿ."